ಎತ್ತಿಟ್ಟ ಬಟ್ಟಲು

ಅಂಜಿನಮ್ಮನ ಅಡುಗೆಮನೆಯಲ್ಲಿ ಎರಡು ಸೌಟುಗಳು ಹನ್ನೆರಡು ವರ್ಷ ಒಂದನ್ನೊಂದು ಮುಟ್ಟದೆ ಬಾಳಿದ್ದವು. ಹಿತ್ತಾಳೆಯದು ಒಳಗೆ ಗೂಡಿನಲ್ಲಿ, ಗಂಡ ಅಪ್ಪಯ್ಯಣ್ಣನ ಪಾಲಿಗೆ. ಕಬ್ಬಿಣದ್ದು ಹಿತ್ತಲ ಒಲೆಯ ಪಕ್ಕ ಮೊಳೆಗೆ ನೇತುಬಿದ್ದು, ಮಿಕ್ಕವರ ಬಾಡಿನ ಸಾರಿಗೆ. ಒಂದನ್ನು ತೊಳೆದ ನೀರು ಇನ್ನೊಂದರ ಮೇಲೆ ಸಿಡಿಯದಂತೆ ಅವಳು ನೋಡಿಕೊಂಡಿದ್ದಳು.

ಹನ್ನೆರಡು ವರ್ಷದ ಹಿಂದೆ ಮಗ ಕೆಂಪರಾಜ್ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಹತ್ತೊಂಬತ್ತು ದಿನ ಕಣ್ಣು ಬಿಡದೆ ಮಲಗಿದ್ದ. ಆಗ ಅಪ್ಪಯ್ಯಣ್ಣ ಗುಡ್ಡದ ತಿಮ್ಮರಾಯಸ್ವಾಮಿಯ ಮೆಟ್ಟಿಲ ಮೇಲೆ ನಿಂತು, ಮಗ ಎದ್ದು ಕೂತರೆ ತಾನು ಇರುವಷ್ಟು ದಿನ ಮಾಂಸ, ಮೀನು, ಮೊಟ್ಟೆ ಮುಟ್ಟುವುದಿಲ್ಲವೆಂದು ಹರಕೆ ಹೊತ್ತಿದ್ದ. ಇಪ್ಪತ್ತನೇ ದಿನ ಮಗ ನೀರು ಕೇಳಿದ. ಕೆರೆ ಕೋಡಿ ಬಿದ್ದರೆ ಎಲ್ಲರಿಗಿಂತ ಮೊದಲು ಬಲೆ ಹಿಡಿದು ಓಡುತ್ತಿದ್ದ ಮನುಷ್ಯ, ಹೆಂಡತಿಯ ಮೀನುಸಾರಿಗೆ ಮೂರು ಮುದ್ದೆ ಇಳಿಸುತ್ತಿದ್ದ ಮನುಷ್ಯ, ಅಂದಿನಿಂದ ಮೀನು ಬೇಯುವ ದಿನ ಎದ್ದು ಜಗಲಿಗೆ ಹೋಗಿ ಕೂರುತ್ತಿದ್ದ. ಒಂದು ದಿನವೂ ಗೊಣಗಲಿಲ್ಲ. ಶನಿವಾರ ಸಂಜೆ ಭಜನೆಮನೆಯಲ್ಲಿ ಹಳೆಯ ಕಥೆಯ ಪದ್ಯಗಳನ್ನು ರಾಗವಾಗಿ ಓದುತ್ತಿದ್ದವನು ಅವನೇ. ಅವನ ದನಿ ಎದ್ದರೆ ಕೊಟ್ಟಿಗೆಯ ಹಸು ಕೂಡ ಮೆಲುಕು ನಿಲ್ಲಿಸುತ್ತದೆ ಎಂದು ಊರವರು ತಮಾಷೆ ಮಾಡುತ್ತಿದ್ದರು.

ಆ ಗಂಟಲಿಗೇ ಗಡ್ಡೆ ಬಂತು. ಬೆಂಗಳೂರಿಗೆ ಕರೆದೊಯ್ದು ಮೂವತ್ಮೂರು ಸಲ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿದರು. ಗಡ್ಡೆ ಕರಗಿದೆ ಎಂದರು ಡಾಕ್ಟರು. ಗಡ್ಡೆಯ ಜೊತೆಗೆ ಬಾಯಿಯ ಎಂಜಲು ಒಣಗಿತು, ನಾಲಿಗೆಯ ರುಚಿ ಹೋಯಿತು, ದನಿಯೂ ಹೋಗಿ ಬರೀ ಪಿಸುಮಾತು ಉಳಿಯಿತು. "ಊಟ ಮುಖ್ಯ. ತೂಕ ನಲವತ್ತೈದರ ಕೆಳಗೆ ಇಳಿದರೆ ಮೂಗಿನಿಂದ ನಳಿಗೆ ಇಳಿಸಬೇಕಾಗುತ್ತೆ," ಎಂದು ಹೇಳಿ ಕಳಿಸಿದರು. ಅಪ್ಪಯ್ಯಣ್ಣ ಅಲ್ಲೇ ಕೈಯಾಡಿಸಿದ್ದ. ನಳಿಗೆ ಬೇಡ.

ಹಾಗಾಗಿ ಪ್ರತಿ ಭಾನುವಾರ ಬೆಳಿಗ್ಗೆ ಕೆಂಪರಾಜ್ ಅಪ್ಪನ ರಟ್ಟೆ ಹಿಡಿದು, ದ್ರಾಕ್ಷಿ ತೂಗುವ ತಕ್ಕಡಿಯ ಮೇಲೆ ನಿಲ್ಲಿಸುತ್ತಿದ್ದ. ಗಣೇಶನ ಹಬ್ಬದ ಮುಂದಿನ ಭಾನುವಾರ ಅದು ನಲವತ್ತೇಳು ತೋರಿಸಿತು.

"ಒಂದ್ ತುತ್ತು," ಎಂದಳು ಅಂಜಿನಮ್ಮ ಸೋಮವಾರ ಸಂಜೆ. ಮುದ್ದೆಯನ್ನು ಕಡಲೆಕಾಳಿನಷ್ಟು ಮುರಿದು, ಉಪ್ಪುಸಾರಿನಲ್ಲಿ ಅದ್ದಿ, ಅವನ ಬಾಯ ಹತ್ತಿರ ಹಿಡಿದಿದ್ದಳು. "ಒಂದೇ ಒಂದು."

ಅಪ್ಪಯ್ಯಣ್ಣ ಬಾಯಿ ತೆರೆದ. ತುತ್ತು ಅರ್ಧ ದಾರಿಯಲ್ಲಿ ನಿಂತಿತು. ನೀರು ಕುಡಿದ, ಕಣ್ಣಲ್ಲೂ ನೀರು ಬಂತು.

"ಮಣ್ಣು ತಿಂದಂಗಾಯ್ತದೆ ಕಣೇ."

"ಮೂವತ್ತೆಂಟು ವರ್ಷ ಈ ಮಣ್ಣೇ ತಿಂದ್ರಲ್ಲ."

"ಆಗ ನಾಲಿಗೆ ಇತ್ತು."

ಅವಳು ತಟ್ಟೆ ತೆಗೆದುಕೊಂಡು ಹೋಗಿ ಕಲಗಚ್ಚಿಗೆ ಸುರಿದಳು. ಹಸು ತಿಂದಿತು.

ಸೊಸೆ ರಮ್ಯ ಆರೂವರೆಗೆ ಕಂಪನಿಯ ವ್ಯಾನಿನಿಂದ ಕ್ರಾಸಿನಲ್ಲಿ ಇಳಿದು ನಡೆದು ಬಂದಳು. ಏರ್‌ಪೋರ್ಟಿನ ಹತ್ತಿರ, ವಿಮಾನದವರಿಗೆ ಊಟ ಮಾಡಿ ಕಳಿಸುವ ಅಡುಗೆಮನೆಯಲ್ಲಿ ಅವಳಿಗೆ ಕೆಲಸ. ಬೆಳಗಿನಿಂದ ನಿಂತ ಕಾಲು ಊದಿತ್ತು. ಬ್ಯಾಗಿನಿಂದ ಕಾಯಿಹಾಲಿನ ಡಬ್ಬ ತೆಗೆದು ಕಟ್ಟೆಯ ಮೇಲಿಟ್ಟು ಕೇಳಿದಳು: "ಅತ್ತೆ, ಹಿತ್ತಲ ಮಜ್ಜಿಗೆಹುಲ್ಲು ಒಂದ್ ಹಿಡಿ ಕುಯ್ಕೊಳ್ಲಾ?"

"ಅದನ್ನ ಹಸುನೂ ಮೂಸಲ್ಲ. ಏನಕ್ಕೆ?"

"ಅಡಿಗೆಗೆ. ಮಾವಂಗೆ ಒಂದು ಮಾಡ್ತೀನಿ. ಬ್ಯಾಂಕಾಕಿಗೆ ಹೋಗೋ ಫ್ಲೈಟಿಗೆ ನಾವ್ ಮಾಡ್ತೀವಲ್ಲ, ಥಾಯ್ ಊಟ. ನಮ್ ಜೊತೆ ಸಂಘಮಿತ್ರ ಅಂತ ಇದ್ದಾಳೆ, ಮನೇಲಿ ಒಂದೇ ಪಾತ್ರೇಲಿ ಹೆಂಗೆ ಮಾಡೋದು ಅಂತ ಹೇಳ್ಕೊಟ್ಟಳು. ಅರ್ಧ ಗಂಟೆನೂ ಬೇಡ."

"ಅರ್ಧ ಗಂಟೇಲಿ ಆಗೋದು ಅಡಿಗೆನಾ?"

ರಮ್ಯ ನಕ್ಕು ಒಲೆ ಹಚ್ಚಿದಳು. ತಳ ದಪ್ಪದ ಪಾತ್ರೆ ಇಟ್ಟಳು. ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಗಂಟು ಕಟ್ಟಿದ, ನಿಂಬೆಯ ಘಮದ ಮಜ್ಜಿಗೆಹುಲ್ಲು ಬಿದ್ದವು. ಹಿತ್ತಲ ಚಕ್ಕೋತದ ಮರದಿಂದ ನಾಲ್ಕು ಎಲೆ ಕಿತ್ತು ತಂದಳು. ಆ ಮರ ಅಂಜಿನಮ್ಮ ಮದುವೆಯಾಗಿ ಬಂದ ವರ್ಷ ನೆಟ್ಟದ್ದು. ಹಣ್ಣು ತಿಂದು ಗೊತ್ತು, ಎಲೆಯನ್ನು ಯಾರೂ ಒಲೆಗೆ ತಂದಿರಲಿಲ್ಲ. ನೆನೆಸಿದ ಅಕ್ಕಿ, ಸಿಹಿಕುಂಬಳದ ಹೋಳು, ಕಾಯಿಹಾಲು, ಒಂದು ಚೂರು ಬೆಲ್ಲ, ಹುಣಸೆ ಕಿವುಚಿದ ನೀರು. ಮುಚ್ಚಳ ಮುಚ್ಚಿ ಮುಖ ತೊಳೆಯಲು ಹೋದಳು. ಬರುವಷ್ಟರಲ್ಲಿ ಮನೆಯೆಲ್ಲ ಒಂದು ಬಗೆಯ ಹೊಸ ಪರಿಮಳ.

ಗೂಡಿನ ಹಿತ್ತಾಳೆ ಸೌಟಿನಿಂದಲೇ ಬಡಿಸಿ ಮಾವನಿಗೆ ಬಟ್ಟಲು ಕೊಟ್ಟಳು. ಅಪ್ಪಯ್ಯಣ್ಣ ಒಂದು ಚಮಚ ಬಾಯಿಗಿಟ್ಟ. ಬಾಯಲ್ಲಿ ಹೊರಳಿಸಿ ನುಂಗಿದ.

"ಇಳೀತು," ಅಂದ.

ಇನ್ನೊಂದು ಚಮಚ ಇಟ್ಟ. ಮೊಮ್ಮಗಳು ಅಕ್ಷತ ಚಪ್ಪಾಳೆ ತಟ್ಟಿದಳು. ಬಾಗಿಲಲ್ಲಿ ನಿಂತಿದ್ದ ಅಂಜಿನಮ್ಮ ಸೆರಗಿನಿಂದ ಕೈ ಒರೆಸಿಕೊಂಡು, ಆಗಲೇ ಒರೆಸಿದ್ದ ಕಟ್ಟೆಯನ್ನು ಮತ್ತೆ ಒರೆಸಿದಳು.

ಹೀಗೆ ಶುರುವಾಯಿತು. ಮೊದಲು ವಾರಕ್ಕೆ ಎರಡು ಸಂಜೆ, ಆಮೇಲೆ ಮೂರು, ನಾಲ್ಕು. ಮಹಾಲಯದ ಹೊತ್ತಿಗೆ ಮನೆಯಲ್ಲಿ ದಿನಾ ಎರಡು ಅಡುಗೆ. ಐದು ಗಂಟೆಗೆ ಅಂಜಿನಮ್ಮ ಡೈರಿಗೆ ಹಾಲು ಹಾಕಿ ಬಂದು ತನ್ನ ಮುದ್ದೆ, ತನ್ನ ಸಾರು ಮಾಡುವಳು. ಏಳಕ್ಕೆ ರಮ್ಯ ಪಾತ್ರೆ ಇಡುವಳು. ಮಗ, ಸೊಸೆ, ಮೊಮ್ಮಗಳು, ಗಂಡ ಎಲ್ಲರೂ ಪಾತ್ರೆಯ ಕಡೆ. ಅಂಜಿನಮ್ಮ ಒಬ್ಬಳೇ ಮುದ್ದೆಯ ಕಡೆ.

"ಅಮ್ಮ, ನೀನೂ ಒಂದ್ ಚೂರು ತಿನ್ನು," ಎಂದ ಕೆಂಪರಾಜ್ ಒಂದು ದಿನ.

"ನಂಗೆ ಹಲ್ಲವೆ. ನಾಲಿಗೆನೂ ಐತೆ."

"ಅದಕ್ಕೇ ಹೇಳಿದ್ದು."

"ನಿಮ್ದು ನೀವ್ ತಿನ್ರಪ್ಪ. ರಾಗಿ ಬೀಸಿದ್ ಕೈ ನಂದು, ಹುಲ್ಲು ಬೇಯ್ಸೋ ಕೈ ಅಲ್ಲ."

ರಮ್ಯ ತಟ್ಟೆ ಎತ್ತಿಕೊಂಡು ಎದ್ದು ಹೋದಳು. ಕೆಂಪರಾಜ್, "ಯಾಕಮ್ಮ ಸುಮ್ನೆ," ಅಂದ. ತಕ್ಕಡಿ ಆ ಭಾನುವಾರ ನಲವತ್ತೊಂಬತ್ತು ತೋರಿಸಿತ್ತು. ಅದನ್ನು ಕಂಡು ಎಲ್ಲರಿಗಿಂತ ಮೊದಲು ದೇವರಿಗೆ ಕೈ ಮುಗಿದವಳು ಅಂಜಿನಮ್ಮನೇ. ಆದರೂ ಸಂಜೆಯಾದರೆ ಮುಖ ಗಂಟಾಗುತ್ತಿತ್ತು.

ಡೈರಿಯ ಸಾಲಿನಲ್ಲಿ ಪಕ್ಕದ ಮನೆಯ ಮುನಿರತ್ನಮ್ಮ ಕ್ಯಾನು ಕೆಳಗಿಟ್ಟು ಹತ್ತಿರ ಬಂದಳು.

"ಅಂಜಿನಕ್ಕ, ಬೇಜಾರ್ ಮಾಡ್ಕೋಬ್ಯಾಡ. ನಿಮ್ ಅಕ್ಷತ ನಮ್ ಮಗೀನತ್ರ ಹೇಳ್ತಿದ್ಲು. ತಾತಂದು ಬ್ಯಾರೆ, ನಮ್ದು ಬ್ಯಾರೆ ಅಂತ."

"ಏನ್ ಬ್ಯಾರೆ?"

"ಮೊದ್ಲು ಮಾವಂಗೆ ಬಟ್ಲು ಎತ್ತಿಕ್ತಾಳಂತೆ. ಆಮ್ಯಾಕೆ ಫ್ರಿಜ್ಜಿಂದ ಏನೋ ತೆಗ್ದು ತಾವು ಮೂರು ಜನ ಹಾಕ್ಕೋತಾರಂತೆ. ಮಸ್ತ್ ಇರ್ತದಂತೆ ಅದು. ಕಾಯಿಲೆ ಮನುಸ್ರಿಗೆ ಸಪ್ಪೆ ಕೊಟ್ರೂ ನಡೀತದೆ ಬುಡು, ಕೇಳೋರ್ ಯಾರು."

ಅಂಜಿನಮ್ಮ ಹಾಲಿನ ಚೀಟಿಯನ್ನು ಮರೆತು ಬಂದಳು.

ಅಂದು ಸಂಜೆ ದೇವರ ದೀಪಕ್ಕೆ ಎಣ್ಣೆ ಬಿಡುವ ನೆಪದಲ್ಲಿ ಒಳಗೇ ನಿಂತು ನೋಡಿದಳು. ನಿಜವೇ. ರಮ್ಯ ಪಾತ್ರೆ ಇಳಿಸಿದ ಕೂಡಲೇ ಮಾವನ ಬಟ್ಟಲು ತುಂಬಿ, ಮೇಲೆ ತಟ್ಟೆ ಮುಚ್ಚಿ, ದೂರ ಇಟ್ಟಳು. ಆಮೇಲೆ ಫ್ರಿಜ್ಜಿನ ಹಿಂಬದಿಯಿಂದ ಕೆಂಪು ಮುಚ್ಚಳದ ಗಾಜಿನ ಬಾಟಲಿ ತೆಗೆದು, ಮೂರು ತಟ್ಟೆಗೂ ಅರ್ಧರ್ಧ ಚಮಚ ಇಟ್ಟಳು. ಹುಣಸೆ ತೊಕ್ಕಿನ ಹಾಗೆ ಕಪ್ಪು ಕೆಂಪು. ಬಾಟಲಿ ಮತ್ತೆ ಹಿಂದಕ್ಕೆ ಹೋಯಿತು.

"ರಮ್ಯಾ," ಅಂದಳು ಅಂಜಿನಮ್ಮ. "ಅವ್ರ ಬಟ್ಲಿಗೆ ಏನ್ ಕಮ್ಮಿ ಮಾಡ್ ಕೊಡ್ತೀಯ?"

ರಮ್ಯ ತಿರುಗಿ ನೋಡಿದಳು. "ಏನೂ ಕಮ್ಮಿ ಮಾಡಿಲ್ಲ ಅತ್ತೆ. ಬೇಕಾದ್ರೆ ಮಾವನ ಬಟ್ಲಿಂದ ಒಂದ್ ಚಮಚ ತಿಂದ್ ನೋಡಿ."

"ನಿನ್ ಪಾತ್ರೇಲಿ ನಾನ್ ಕೈ ಇಕ್ಕಲ್ಲ. ಆ ಬಾಟ್ಲಿ ಏನು?"

ರಮ್ಯ ಗಂಡನ ಮುಖ ನೋಡಿದಳು. ಕೆಂಪರಾಜ್ ನೀರಿನ ಲೋಟಕ್ಕೆ ಕೈ ಹಾಕುತ್ತ, "ಖಾರ ಕಣಮ್ಮ, ಅಪ್ಪನ ಗಂಟ್ಲಿಗೆ ಆಗಲ್ಲ," ಅಂದ. ಹೇಳುವಾಗ ತಲೆ ಎತ್ತಲಿಲ್ಲ. ಮಗ ಚಿಕ್ಕಂದಿನಿಂದ ಸುಳ್ಳು ಹೇಳಿದರೆ ನೀರು ಕುಡಿಯುತ್ತಾನೆ ಎಂಬುದು ಅಂಜಿನಮ್ಮನಿಗೆ ಗೊತ್ತು.

ಆಯುಧಪೂಜೆಯ ಹಿಂದಿನ ಬುಧವಾರ ಮಧ್ಯಾಹ್ನ ಫೋನು ಬಂತು.

"ಅತ್ತೆ, ಹಬ್ಬದ್ ರಜಕ್ಕೆ ಫ್ಲೈಟು ಜಾಸ್ತಿ, ಶಿಫ್ಟು ಮುಗಿದ್ರೂ ನಿಲ್ಸ್ಕೋತಿದ್ದಾರೆ. ಎಂಟಾಗುತ್ತೆ. ಇವ್ರಿಗೂ ಡ್ಯೂಟಿ. ಮಾವಂಗೆ ಗಂಜಿ ಕಾಯ್ಸಿ ಕೊಡ್ತೀರಾ?"

"ನಾನೇನಾರ ಮಾಡ್ತೀನಿ, ನೀನ್ ಕೆಲ್ಸ ನೋಡು."

ಗಂಜಿ ಮಾಡಲಿಲ್ಲ ಅವಳು. ಆರು ಗಂಟೆಗೆ ಹಿತ್ತಲಿಗೆ ಹೋಗಿ ಮಜ್ಜಿಗೆಹುಲ್ಲು ಕುಯ್ದಳು. ಚಕ್ಕೋತದ ಎಲೆ ಕಿತ್ತಳು. ಡಬ್ಬದ ಕಾಯಿಹಾಲು ಮುಟ್ಟದೆ ತೆಂಗಿನಕಾಯಿ ತುರಿದು, ರುಬ್ಬಿ, ಬಟ್ಟೆಯಲ್ಲಿ ಹಿಂಡಿದಳು. ಇಷ್ಟು ದಿನ ನೋಡಿಯೂ ನೋಡದ ಹಾಗೆ ನೋಡಿದ್ದೆಲ್ಲ ಕೈಗೆ ಬಂತು. ಅಕ್ಕಿ ಬೆಂದು ಕುಂಬಳ ಕರಗುವ ಹೊತ್ತಿಗೆ ಫ್ರಿಜ್ಜು ತೆಗೆದು, ಹಿಂದಿನಿಂದ ಕೆಂಪು ಮುಚ್ಚಳದ ಬಾಟಲಿ ಹೊರಗೆಳೆದಳು.

ಅಂಜಿನಮ್ಮ ಒಲೆಯ ಮೇಲಿನದನ್ನು ನಾಲಿಗೆಗೆ ಇಟ್ಟು ನೋಡುವವಳಲ್ಲ. ಉಪ್ಪು ಹೆಚ್ಚೋ ಕಮ್ಮಿಯೋ ವಾಸನೆಯಲ್ಲೇ ಹೇಳುವಳು. ಮದುವೆ ಮನೆಗಳಲ್ಲಿ ಅದಕ್ಕಾಗಿಯೇ ಅವಳನ್ನು ಕರೆಯುತ್ತಿದ್ದರು. ಮುಚ್ಚಳ ತಿರುಗಿಸಿ ಮೂಸಿದಳು. ಸುಟ್ಟ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಬೆಲ್ಲ. ಅದರ ಕೆಳಗೆ ಇನ್ನೊಂದು ವಾಸನೆ, ತೀರಾ ಗೊತ್ತಿದ್ದದ್ದು, ಈ ಮನೆಯದೇ ಎನ್ನುವಂಥದ್ದು. ಇನ್ನೊಮ್ಮೆ ಮೂಸಬೇಕೆನ್ನುವಷ್ಟರಲ್ಲಿ ಕಾಯಿಹಾಲು ಉಕ್ಕಿತು. ಹಿತ್ತಾಳೆ ಸೌಟಿನ ತುದಿಯಲ್ಲಿ ಒಂದು ಚಮಚದಷ್ಟು ಬಾಚಿ ಪಾತ್ರೆಗೆ ಕಲಸಿಬಿಟ್ಟಳು.

ಅಪ್ಪಯ್ಯಣ್ಣ ಮೊದಲ ಚಮಚಕ್ಕೆ ಕೆಮ್ಮಿದ. ಅವಳು ನೀರಿನ ಲೋಟ ಮುಂದೆ ಹಿಡಿದಳು. ಎರಡನೆಯದಕ್ಕೆ ಸುಮ್ಮನಾದ. ಮೂರನೆಯದಕ್ಕೆ ತಲೆಯೆತ್ತಿ ಅವಳನ್ನು ನೋಡಿದ.

"ಅಂಜಿನಿ, ರುಚಿ ಬಂತು ಕಣೇ."

"ಏನಂದ್ರಿ?"

"ರುಚಿ. ನಾಲಿಗೆಗೆ. ಇಷ್ಟ್ ದಿನ ಇಳೀತಿತ್ತು ಅಷ್ಟೇ. ಇವತ್ತು ರುಚಿ ಬಂತು. ನೀನ್ ಮಾಡಿದ್ದಾ?"

"ಇನ್ಯಾರು ಮಾಡ್ತಾರೆ?"

ಎರಡು ಬಟ್ಟಲು ತಿಂದ. ಕೈ ತೊಳೆದು ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಭಜನೆಮನೆಯ ಪದ್ಯವೊಂದರ ಮೊದಲ ಸಾಲು ತೆಗೆದ. ಅರ್ಧ ದನಿ, ಅರ್ಧ ಗಾಳಿ. ಸಾಲು ಮುಗಿಯುವ ಮುನ್ನ ಕಡಿಯಿತು. ಆದರೂ ರಾಗ ಸರಿಯಿತ್ತು. ಅಕ್ಷತ ಪುಸ್ತಕ ಬಿಟ್ಟು ಓಡಿ ಬಂದಳು. ಅಂಜಿನಮ್ಮ ಕಂಬ ಹಿಡಿದು ನಿಂತುಕೊಂಡು ಅತ್ತಳು. ಆ ಏಳೆಂಟು ತಿಂಗಳಲ್ಲಿ ಅವಳು ಸಂತೋಷಕ್ಕೆ ಅತ್ತದ್ದು ಅದೊಂದೇ ಸಲ.

ಎಂಟಕ್ಕೆ ರಮ್ಯ ಬಂದಳು. ಕಟ್ಟೆಯ ಮೇಲೆ ಕೆಂಪು ಮುಚ್ಚಳ ಬಿಚ್ಚಿಟ್ಟಿತ್ತು. ಪಕ್ಕದಲ್ಲಿ ಹಿತ್ತಾಳೆ ಸೌಟು, ತುದಿಯಲ್ಲಿ ಕಪ್ಪು.

"ಅತ್ತೆ, ಇದನ್ನ ಯಾರಿಗೆ ಹಾಕಿದ್ರಿ?"

"ಯಾರಿಗೆ ಇಷ್ಟ್ ದಿನ ಇಲ್ಲ ಅಂದಿದ್ಯೋ ಅವ್ರಿಗೆ."

ರಮ್ಯ ಅವಳ ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ತಗ್ಗಿದ ದನಿಯಲ್ಲಿ ಹೇಳಿದಳು: "ಅದು ಥಾಯ್ ತೊಕ್ಕು, ಅದ್ರಲ್ಲಿ ಒಣಸೀಗ್ಡಿ ಇದೆ ಅತ್ತೆ. ಹುರ್ದು, ಪುಡಿ ಮಾಡಿ ಹಾಕಿರ್ತಾರೆ."

ಅಂಜಿನಮ್ಮನ ಮೂಗಿನೊಳಗೆ ಆ ಕೆಳಗಿನ ವಾಸನೆ ತಾನಾಗಿ ಎದ್ದು ಬಂತು. ಸಂತೆಯಿಂದ ತಂದ ಸೀಗಡಿಯನ್ನು ಇದೇ ಹಿತ್ತಲ ಒಲೆಯಲ್ಲಿ ಅವಳು ನೂರು ಸಲ ಹುರಿದಿದ್ದಳು.

"ಮೊದ್ಲೇ ಯಾಕ್ ಬೊಗಳ್ಲಿಲ್ಲ?"

"ನಾನು ಹೇಳ್ತೀನಿ ಅಂದೆ. ಇವ್ರೇ ಬೇಡ ಅಂದ್ರು. ಸೀಗ್ಡಿ ಅಂತ ಗೊತ್ತಾದ್ರೆ ಅಮ್ಮ ಪಾತ್ರೆನೇ ಆಚೆ ಎಸೀತಾಳೆ, ಅಪ್ಪ ತಿನ್ನೋದ್ ಒಂದೂ ಇಲ್ದಂಗಾಗುತ್ತೆ ಅಂದ್ರು." ರಮ್ಯ ಅವಳ ಕೈ ಬಿಟ್ಟಳು. "ಒಂದ್ ತಿಂಗ್ಳಿಂದ ಮಾವನ ಬಟ್ಲಿಗೆ ಒಂದ್ ತೊಟ್ಟು ಬೀಳ್ದಂಗೆ ನೋಡ್ಕೊಂಡೆ. ಪಾತ್ರೆಗೂ ಹಾಕ್ದೋಳಲ್ಲ, ನಮ್ ತಟ್ಟೆಗೆ ಹಾಕ್ಕೋತಿದ್ದೆ. ಬಟ್ಲು ಎತ್ತಿಟ್ಟು ಮುಚ್ಚಿದ್ಮೇಲೇ ಬಾಟ್ಲಿ ತೆಗೀತಿದ್ದೆ. ನೀವು ಎತ್ತಿಟ್ಟಿದ್ದು ನೋಡಿದ್ರಿ. ಯಾಕ್ ಎತ್ತಿಟ್ಟೆ ಅಂತ ನೋಡ್ಲಿಲ್ಲ."

"ನೀನ್ ಬಾಟ್ಲಿ ಬಚ್ಚಿಟ್ಟೆ."

"ನೀವ್ ನನ್ನ ನಂಬ್ಲಿಲ್ಲ."

ಕೊಟ್ಟಿಗೆಯಲ್ಲಿ ಹಸು ಕೊರಳು ಕೊಡವಿತು. ರಮ್ಯ ಕಣ್ಣು ಒರೆಸಿಕೊಂಡಳು. "ಮಾವಂಗೆ ಹೇಳ್ಬೇಡಿ. ಗೊತ್ತಿಲ್ದೆ ತಿಂದಿದ್ದು ಹರಕೆಗೆ ತಟ್ಟಲ್ಲ. ನಿಮ್ ಕೈ ಮುಗೀತೀನಿ, ಹೇಳ್ಬೇಡಿ."

ಅಂಜಿನಮ್ಮ ಹಿತ್ತಾಳೆ ಸೌಟನ್ನು ಹುಣಸೆ ಹಚ್ಚಿ ಒಮ್ಮೆ, ಬೂದಿ ಹಚ್ಚಿ ಒಮ್ಮೆ, ಮತ್ತೆ ಹುಣಸೆ ಹಚ್ಚಿ ಒಮ್ಮೆ ತಿಕ್ಕಿದಳು. ಗೂಡಿಗೆ ಇಡಲು ಕೈ ಬರಲಿಲ್ಲ.

ಮಾರನೇ ದಿನ ಸಂಜೆ ರಮ್ಯ ಎಂದಿನಂತೆ ಪಾತ್ರೆ ಇಟ್ಟಳು, ಎಂದಿನಂತೆ ಬಟ್ಟಲು ಎತ್ತಿಟ್ಟಳು. ಅಪ್ಪಯ್ಯಣ್ಣ ಮೂರು ಚಮಚ ತಿಂದು ಪಕ್ಕಕ್ಕೆ ಸರಿಸಿದ.

"ಇದು ಅದಲ್ಲ."

"ಅದೇ ಮಾವ."

"ಅಲ್ಲವ್ವ. ನಿಮ್ಮತ್ತೆ ಮಾಡಿದ್ದು ಬ್ಯಾರೆ. ಅವಳ್ ಕೈಗೆ ಇನ್ನೂ ಅದೆ ನೋಡು ಗುಣ." ಮೆಚ್ಚುಗೆಯಿಂದ ಹೆಂಡತಿಯ ಕಡೆ ನೋಡಿ ನಕ್ಕ. ಅಂಜಿನಮ್ಮ ಒಳಗೆ ಹೋದಳು.

ಅಲ್ಲಿಂದ ದಿನಾ ಇದೇ ಮಾತು. ಅಂಜಿನಮ್ಮ ತಾನೇ ಮಾಡಿದಳು, ಬಾಟಲಿ ಇಲ್ಲದೆ. ಕಾಯಿಹಾಲು ಗಟ್ಟಿ ಮಾಡಿ ನೋಡಿದಳು, ಒಣಮೆಣಸಿನಕಾಯಿ ಸುಟ್ಟು ಹಾಕಿ ನೋಡಿದಳು, ಬೆಲ್ಲ ಹೆಚ್ಚಿಸಿ ನೋಡಿದಳು. ಅವನು ತಿನ್ನುವ ಮೊದಲೇ ಮುಖ ನೋಡುತ್ತಿದ್ದಳು. ಮೂರು ಚಮಚ, ನಾಲ್ಕು ಚಮಚ. ಇಳಿಯುತ್ತಿದೆ ಎಂಬುದೇ ಹಬ್ಬವಾಗಿದ್ದವನಿಗೆ ಈಗ ಇಳಿಯುವುದಷ್ಟೇ ಸಾಲದಾಯಿತು. ತಕ್ಕಡಿ ನಲವತ್ತೆಂಟು ತೋರಿಸಿತು. ಮುಂದಿನ ಭಾನುವಾರ ನಲವತ್ತಾರು.

ತಕ್ಕಡಿ ಮೂಲೆಗೆ ಸರಿಸಿ ಕೆಂಪರಾಜ್ ಅಮ್ಮನ ಹತ್ತಿರ ಬಂದ. ಅವಳು ಅವರೆಕಾಯಿ ಸುಲಿಯುತ್ತಿದ್ದಳು.

"ಹಾಕ್ಬಿಡಮ್ಮ."

"ಏನ?"

"ಆ ತೊಕ್ಕು. ಅರ್ಧ ಚಮಚ. ಅಪ್ಪಂಗೆ ಗೊತ್ತಾಗಲ್ಲ."

"ಹನ್ನೆರಡು ವರ್ಷದ್ದು ಕಣೋ."

"ಹರಕೆ ಯಾರಿಗೋಸ್ಕರ ಹೊತ್ತಿದ್ದು? ನನ್ ಜೀವಕ್ಕೆ. ನಾನೇ ಹೇಳ್ತಿದೀನಿ, ಹಾಕು."

"ನಿನ್ ಜೀವಕ್ಕೆ ಹೊತ್ತಿದ್ದು ಅಂತ್ಲೇ ಹಾಕಲ್ಲ." ಕಾಯಿ ಅವಳ ಕೈಯಲ್ಲಿ ಮುರಿಯಿತು. "ದಿನಾ ಆ ದೊಡ್ ರಸ್ತೇಲಿ ಗಾಡಿ ಓಡ್ಸ್ಕೊಂಡು ಹೋಯ್ತೀಯ ನೀನು. ಒಂದ್ ಸಲ ಆಗಿದ್ಕೇ ನಾನು ನೀನ್ ಬರೋಗಂಟ ಬಾಗ್ಲಲ್ಲಿ ಕೂತಿರ್ತೀನಿ."

"ಹಂಗಾದ್ರೆ ಅಪ್ಪ?"

ಅವಳು ಇನ್ನೊಂದು ಕಾಯಿ ಎತ್ತಿಕೊಂಡಳು. ಅಡುಗೆಮನೆಯಿಂದ ರಮ್ಯ, "ಅತ್ತೆ ಇಷ್ಟ ಇಲ್ಲ ಅಂದ್ಮೇಲೆ ಬಿಡ್ರಿ. ಆದ್ರೆ ಹೇಳೋದ್ ಮಾತ್ರ ಬೇಡ," ಅಂದಳು.

ಹೇಳದೆ ಇರಬಹುದಿತ್ತು. ಅಪ್ಪಯ್ಯಣ್ಣ ಹೊಗಳದೆ ಇದ್ದಿದ್ದರೆ ಇರುತ್ತಿದ್ದಳೇನೋ. ಅವನು ಬಂದವರ ಎದುರೆಲ್ಲ ಹೊಗಳಿದ. ನೋಡಲು ಬಂದ ಅಣ್ಣ ವೆಂಕಟರಾಮಪ್ಪನ ಕಿವಿ ಹತ್ತಿರ ಬಾಗಿ, "ಒಂದಿನ ಮಾಡಿ ಹಾಕಿದ್ಲು ನೋಡು, ಸತ್ತ ನಾಲಿಗೆ ಎದ್ ಕೂತ್ಕೊಂತು," ಅಂದ. ವೆಂಕಟರಾಮಪ್ಪ ಅವಳಿಗೆ, "ಪುಣ್ಯವಂತೆ ಕಣಮ್ಮ ನೀನು," ಅಂದ. ಅಂಜಿನಮ್ಮ ಕಾಫಿ ಲೋಟ ಅವನ ಮುಂದಿಟ್ಟು ಹಿತ್ತಲಿಗೆ ನಡೆದಳು.

ದೀಪಾವಳಿಗೆ ನಾಲ್ಕು ದಿನ ಮುಂಚಿನ ಶನಿವಾರ. ಚಕ್ಕೋತದ ಮರದ ಕೆಳಗಿನ ಕಲ್ಲಿನ ಮೇಲೆ ಅವನನ್ನು ಕೂರಿಸಿ ಬಿಸಿನೀರು ಹಾಕಿ, ಅವಳು ಬೆನ್ನು ಒರೆಸುತ್ತಿದ್ದಳು. ಬೆನ್ನಿನ ಎಲುಬು ಒಂದೊಂದಾಗಿ ಕೈಗೆ ಸಿಗುತ್ತಿತ್ತು.

"ಇವತ್ತು ನೀನೇ ಮಾಡೇ. ಅವತ್ತಿಂದು."

"ಅದನ್ನ ಕೇಳ್ಬ್ಯಾಡಿ."

"ಯಾಕೆ, ಸಾಮಾನಿಲ್ವಾ?"

ಅವಳ ಕೈ ನಿಂತಿತು. "ಅದ್ರಲ್ಲಿ ಸೀಗ್ಡಿ ಇತ್ತು," ಅಂದಳು.

ಎಲೆಯ ಮೇಲಿನ ನೀರು ಅವನ ಹೆಗಲಿಗೆ ಒಂದೆರಡು ಹನಿ ಬಿತ್ತು. ಅವನು ತಿರುಗಲಿಲ್ಲ.

"ಗೊತ್ತಿದ್ದೂ ಹಾಕಿದ್ಯಾ?"

"ಇಲ್ಲ." ತಡೆದು ಹೇಳಿದಳು, "ಮೂಗಿಗೆ ಗೊತ್ತಿತ್ತು ಅನ್ಸುತ್ತೆ. ಸೊಸೆ ನಿಮಗೆ ಕಮ್ಮಿ ಮಾಡ್ತವ್ಳೆ ಅನ್ನೋ ಉರೀಲಿ ನಾನು ಮೂಗಿನ್ ಮಾತು ಕೇಳ್ಲಿಲ್ಲ. ಅವಳದ್ದೇನೂ ತಪ್ಪಿಲ್ಲ. ಅವಳು ನಿಮ್ ಬಟ್ಲನ್ನ ದೇವ್ರ ಬಟ್ಲಂಗೆ ಕಾಯ್ತಿದ್ಲು."

ಅಪ್ಪಯ್ಯಣ್ಣ ಹೆಗಲ ಮೇಲಿನ ಹನಿ ಒರೆಸಿಕೊಂಡ.

"ಮತ್ಯಾಕೆ ಹೇಳ್ದೆ ಅಂಜಿನಿ?"

ಅವಳು ಸೆರಗು ಬಾಯಿಗೆ ಇಟ್ಟುಕೊಂಡಳು.

"ಹೇಳ್ದೆ ಇದ್ದಿದ್ರೆ ಯಾವತ್ತಾರ ಇನ್ನೊಂದ್ ದಿನ ತಿಂತಿದ್ದೆ. ಗೊತ್ತಿಲ್ದೆ ತಿಂದೋನ್ನ ತಿಮ್ಮಪ್ಪ ಕೇಳ್ತಿರ್ಲಿಲ್ಲ. ಈಗ ಗೊತ್ತಾಯ್ತಲ್ಲ."

"ಎದೇಲಿ ಇಟ್ಕೊಳ್ಳಕ್ಕಾಗ್ಲಿಲ್ಲ."

"ಸರಿ ಬುಡು," ಅಂದ. "ನಿನ್ನೆದೆ ಹಗುರಾಯ್ತು." ಕೈ ಚಾಚಿ, ಏಳಿಸು ಅನ್ನುವಂತೆ ಬೆರಳಾಡಿಸಿದ.

ಬೈಯಲಿಲ್ಲ ಅವನು. ಬೈದಿದ್ದರೆ ಚೆನ್ನಾಗಿತ್ತು. ಅಂದು ಉಪವಾಸ ಇದ್ದ. ಮೈಯಲ್ಲಿ ಉಪವಾಸ ಇರಲು ಏನೂ ಉಳಿದಿರಲಿಲ್ಲ, ಆದರೂ ಇದ್ದ. ಅರಿಶಿನ ಬಟ್ಟೆಯಲ್ಲಿ ಹನ್ನೊಂದು ರೂಪಾಯಿ ತಪ್ಪುಕಾಣಿಕೆ ಕಟ್ಟಿ, ಕೆಂಪರಾಜನ ಕೈಲಿ ಗುಡ್ಡಕ್ಕೆ ಕಳಿಸಿದ. ಅಂಜಿನಮ್ಮ ಹಿತ್ತಾಳೆ ಸೌಟನ್ನೂ ಅದರ ಜೊತೆ ದೇವಸ್ಥಾನಕ್ಕೆ ಕೊಟ್ಟು ಕಳಿಸಿದಳು.

ಭಾನುವಾರ ಸಂಜೆ ರಮ್ಯ ಬಟ್ಟಲು ಹಿಡಿದು ಬಂದಳು. ಅಪ್ಪಯ್ಯಣ್ಣ ಅವಳ ತಲೆಯ ಮೇಲೆ ಕೈಯಿಟ್ಟ.

"ನೀನೇನೂ ತಪ್ಪು ಮಾಡಿಲ್ಲ ಮಗಳೇ. ನಂಗೊತ್ತು. ಆದ್ರೆ ಆ ಪಾತ್ರೆದು ಬ್ಯಾಡ. ನೋಡ್ದೇಟ್ಗೆ ಆ ರುಚಿ ನೆನಪಾಯ್ತದೆ. ನೆನೆಸ್ಕೊಂಡು ತಿಂದ್ರೂ ತಿಂದಂಗೇ ಅಲ್ವಾ."

"ಮಾವ, ಇದ್ರಲ್ಲಿ ಏನೂ ಇಲ್ಲ. ಬಾಟ್ಲಿನೇ ಎಸೆದ್ಬಿಟ್ಟೆ."

"ನಂಗೊತ್ತು ಮಗಳೇ."

ರಮ್ಯ ಬಟ್ಟಲನ್ನು ತಂದು ಕಟ್ಟೆಯ ಮೇಲಿಟ್ಟಳು. ಅತ್ತೆಯ ಕಡೆ ನೋಡಲಿಲ್ಲ. "ಹೇಳ್ಬೇಡಿ ಅಂದಿದ್ದೆ," ಅಂದಳು, ಅಷ್ಟೇ. ತಳ ದಪ್ಪದ ಪಾತ್ರೆ ತೊಳೆದು, ಕವುಚಿ, ಅಟ್ಟಕ್ಕೆ ಏರಿಸಿದಳು.

ಆಮೇಲೆ ಗಂಜಿ, ಎಳನೀರು, ಹಾಲು. ಕಾರ್ತಿಕದ ಎರಡನೇ ವಾರ ತಕ್ಕಡಿ ನಲವತ್ತಮೂರು ತೋರಿಸಿತು. ಆಸ್ಪತ್ರೆಯಲ್ಲಿ ನಳಿಗೆ ಇಳಿಸಲು ಬಂದವರ ಕೈಯನ್ನು ಅವನು ಮೆಲ್ಲಗೆ ಸರಿಸಿದ. ಮನೆಗೆ ಕರೆತಂದರು. ಕಾರ್ತಿಕದ ಕೊನೆಯ ಸೋಮವಾರದ ಮಧ್ಯಾಹ್ನ, ಜಗಲಿಯ ಮಂಚದ ಮೇಲೆ, ಅಂಜಿನಮ್ಮ ಬಾಯಿಗೆ ಬಿಟ್ಟ ಎರಡನೇ ಚಮಚ ನೀರು ತುಟಿಯಂಚಿನಿಂದ ಹೊರಗೆ ಬಂತು.

ಹನ್ನೊಂದನೇ ದಿನ ತಿಥಿ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯ ಮೇಲೆ ಎಡೆ ಇಡಬೇಕು. ಹೆಂಗಸರು ಬೆಳಗಿನಿಂದ ಒಲೆಯ ಮುಂದೆ ಕೂತಿದ್ದರು. ಮುನಿರತ್ನಮ್ಮ ವಡೆ ತಟ್ಟುತ್ತಿದ್ದಳು. "ಮೀನಂದ್ರೆ ಪ್ರಾಣ ಬಿಡ್ತಿದ್ದ ನಮ್ಮಪ್ಪಯ್ಯ," ಎಂದ ವೆಂಕಟರಾಮಪ್ಪ. "ಈಗ ಇಕ್ಕಬಹುದೇನೋ. ಹರಕೆ ಅವ್ನ್ ಇರೋಗಂಟ ತಾನೆ?"

"ಬ್ಯಾಡ," ಅಂದಳು ಅಂಜಿನಮ್ಮ. ಅವನು ಹೋದಂದಿನಿಂದ ಅವಳು ಆಡಿದ ಮೊದಲ ಗಟ್ಟಿ ಮಾತು ಅದು.

ಎದ್ದು ಹಿತ್ತಲಿಗೆ ಹೋದಳು. ಮಜ್ಜಿಗೆಹುಲ್ಲು ಒಂದು ಹಿಡಿ ಕುಯ್ದಳು. ಚಕ್ಕೋತದ ನಾಲ್ಕು ಎಲೆ ಕಿತ್ತಳು. ಅಡುಗೆಮನೆಗೆ ಬಂದು, ಮೂಲೆಯಲ್ಲಿ ಕಾಯಿ ತುರಿಯುತ್ತಿದ್ದ ರಮ್ಯಳ ಮುಂದೆ ಇಟ್ಟಳು.

"ಪಾತ್ರೆ ಇಳ್ಸವ್ವ."

ರಮ್ಯ ತಲೆಯೆತ್ತಿ ನೋಡಿದಳು. ಸ್ಟೂಲು ಹತ್ತಿ ಅಟ್ಟದಿಂದ ಪಾತ್ರೆ ಇಳಿಸಿದಳು. ಅತ್ತೆ ಬೆಳ್ಳುಳ್ಳಿ ಜಜ್ಜಿದಳು, ಸೊಸೆ ಅಕ್ಕಿ ತೊಳೆದಳು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಪಾತ್ರೆ ಕೆಳಗಿಳಿದಾಗ ರಮ್ಯಳ ಕೈ ಅಭ್ಯಾಸದಂತೆ ಮಾವನ ಬಟ್ಟಲಿಗೆ ಹೋಯಿತು. ತುಂಬಿ, ತಟ್ಟೆ ಮುಚ್ಚಿ, ದೂರ ಎತ್ತಿಟ್ಟಳು. ಎತ್ತಿಟ್ಟ ಮೇಲೆ ಅದನ್ನು ನೋಡುತ್ತ ನಿಂತುಬಿಟ್ಟಳು.

ಎಲೆಯ ಮೇಲೆ ಮುದ್ದೆ, ಉಪ್ಪುಸಾರು, ವಡೆ, ಪಾಯಸದ ನಡುವೆ ಆ ಬಟ್ಟಲು ಕೂತಿತು. "ಇದೇನಮ್ಮ ಇದು?" ಎಂದು ಯಾರೋ ಕೇಳಿದರು. "ನಮ್ ಸೊಸೆ ಮಾಡ್ತಿದ್ದಿದ್ದು. ಅವ್ರು ತಿಂತಿದ್ರು," ಅಂದಳು ಅಂಜಿನಮ್ಮ. ಧೂಪ ಹಾಕಿದರು. ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಂತರು.

ಎಡೆ ತೆಗೆದ ಮೇಲೆ ಮನೆಯವರು ಅದನ್ನು ಹಂಚಿಕೊಂಡು ತಿನ್ನಬೇಕು. ಅಂಜಿನಮ್ಮ ಬಟ್ಟಲನ್ನು ತನ್ನ ಮುಂದೆ ಎಳೆದುಕೊಂಡಳು. ಆ ಪಾತ್ರೆಯದು ಅವಳ ಬಾಯಿಗೆ ಹೋಗುತ್ತಿದ್ದದ್ದು ಅದೇ ಮೊದಲು. ಒಂದು ತುತ್ತು ಇಟ್ಟಳು. ಉಪ್ಪು ಇತ್ತು. ಹುಳಿ ಇತ್ತು. ಕುಂಬಳ ಕರಗಿತ್ತು. ಕಾಯಿಹಾಲಿನ ಸಿಹಿಯ ಕೆಳಗೆ, ತಾನು ನೆಟ್ಟ ಮರದ ಎಲೆಯ ಕಂಪಿತ್ತು. ಇನ್ನೊಂದು ತುತ್ತು ಇಟ್ಟಳು. ಅದು ತಾನಾಗಿ ಇಳಿಯಿತು.

ರಮ್ಯ ಎದುರಿಗೆ ಬಂದು ಕೂತಳು.

"ಅತ್ತೆ, ಏನಾದ್ರೂ ಕಮ್ಮಿ ಇದ್ಯಾ?"

ಅಂಜಿನಮ್ಮ ತಲೆ ಅಲ್ಲಾಡಿಸಿದಳು. "ಇಲ್ಲ ಕಣವ್ವ," ಅಂದಳು. ಬಟ್ಟಲಿನ ತಳದಲ್ಲಿದ್ದುದನ್ನು ಬೆರಳಿನಿಂದ ಒರೆಸಿಕೊಂಡಳು. "ಅವತ್ತೂ ಏನೂ ಕಮ್ಮಿ ಇರ್ಲಿಲ್ಲ."